ಕೆಂಪು ಬಳೆಗಳ ಝೂಮರ

ಒಂದು ದೀಪವು ಸುಳ್ಳು ಹೇಳಬಲ್ಲದೆಂದೂ, ಆ ಸುಳ್ಳಿನ ಶಿಕ್ಷೆಯನ್ನು ಅದರ ಕೆಳಗೆ ಕುಳಿತು ದುಡಿಯುವ ಹೆಂಗಸು ಅನುಭವಿಸಬೇಕಾಗುತ್ತದೆಂದೂ ನೀವು ಎಂದಾದರೂ ಯೋಚಿಸಿದ್ದೀರಾ?

ನಾನು ಯೋಚಿಸಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತನಾಡುತ್ತಿದ್ದ ದಿನಗಳಿಂದಲೂ, ಸುಳ್ಳು ಇರುವುದು ಮಾತಿನಲ್ಲಿ, ಅದನ್ನು ಮಾತಿನಿಂದಲೇ ಸೋಲಿಸಬಹುದು ಎಂದು ನಂಬಿ ಬಂದವಳು ನಾನು. ಕಳೆದ ತಿಂಗಳು ರಾಣೆಬೆನ್ನೂರಿನಲ್ಲಿ ತೀರಿಕೊಂಡ ತಗಡಿನ ಕೆಲಸದ ಹಿರಿಯರೊಬ್ಬರು ಆ ನಂಬಿಕೆಯನ್ನು ಕೆಡಿಸಿದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿರೆಂದು ಅವರ ಪತ್ನಿ ಕೇಳಿಕೊಂಡಿದ್ದಾರೆ. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರು ತೀರಿಕೊಂಡ ವಾರ ನಡೆದ ಸಭೆಯಲ್ಲಿ ನಾನೂ ಮಾತನಾಡಿದೆ. ಅವರ ಕಲೆಯನ್ನು ಹೊಗಳಿದೆ, ಸರಳತೆಯನ್ನು ಹೊಗಳಿದೆ. ಹೇಳಲೇಬೇಕಾಗಿದ್ದ ಒಂದು ಮಾತನ್ನು ಮಾತ್ರ ಹೇಳದೆ ಕುಳಿತೆ. ಅದನ್ನು ಹೇಳುವುದಕ್ಕಾಗಿಯೇ ಈಗ ಬರೆಯುತ್ತಿದ್ದೇನೆ.

ಹಲಗೇರಿಯ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಅಂಗಡಿಯಿತ್ತು. ಬೀಜದ ವ್ಯಾಪಾರಸ್ಥರಿಗೆ ಜರಡಿ ಮಾಡಿಕೊಡುವುದು ಮನೆತನದ ಕಸುಬು. ಯಾವ ಬೀಜಕ್ಕೆ ಎಷ್ಟು ಅಗಲದ ತೂತು ಬೇಕೆಂಬುದು ಅವರ ಬೆರಳ ತುದಿಗೇ ಗೊತ್ತಿತ್ತು. ಯಂತ್ರದ ಜರಡಿಗಳು ಬಂದ ಮೇಲೆ ಕೈಯ ಕೆಲಸ ಕಡಿಮೆಯಾಯಿತು. ಒಂದು ದಿನ, ಮಾರಾಟವಾಗದೆ ಉಳಿದ ಜರಡಿಯೊಂದನ್ನು ಉರಿಯುವ ಬಲ್ಬಿನ ಸುತ್ತ ಸುಮ್ಮನೆ ಮಡಚಿ ಹಿಡಿದರಂತೆ. ಗೋಡೆಯ ಮೇಲೆ, ಮಾಡಿನ ಮೇಲೆ, ಎದುರಿಗೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದ ಹೆಂಡತಿಯ ಮುಖದ ಮೇಲೆ ಬೆಳಕಿನ ಜೋಳ ಚೆಲ್ಲಿತು.

"ಅವರು ವಾಹ್ ಅಂದ್ರು. ನಾನು ಕನ್ನಡಿ ನೋಡಿಕೊಂಡ್ರ ಮಾರಿ ತುಂಬ ಸಿಡುಬು ಎದ್ದಂಗ ಕಾಣತಿತ್ರಿ," ಎಂದು ಚಾಚಿ ಆ ಕತೆಯನ್ನು ಹೇಳಿದಾಗಲೆಲ್ಲ ನಗುತ್ತಿದ್ದರು.

ಅಲ್ಲಿಂದ ಅವರ ತೂಗುದೀಪಗಳು ಶುರುವಾದವು. ಗಾಜಿನ ಹರಳುಗಳು ಜೋತಾಡುವ, ಮದುವೆಮನೆಗಳಲ್ಲಿ ಕಾಣುವ ಗೊಂಚಲುಗಳಲ್ಲ. ಬಸ್ ನಿಲ್ದಾಣದ ಹತ್ತಿರದ ಚಹಾದ ಹೋಟೆಲಿಗೆ ಹಳೆಯ ಕೆಟಲಿನ ಮುಚ್ಚಳಗಳನ್ನೂ ಬಸಿಗಳನ್ನೂ ಸುತ್ತುಸುತ್ತಾಗಿ ತೂಗಿಬಿಟ್ಟರು. ಹಾವೇರಿಯ ಒಬ್ಬ ದರ್ಜಿಗೆ ಮೊಂಡಾದ ಕತ್ತರಿಗಳನ್ನೂ ದಾರದ ಖಾಲಿ ರೀಲುಗಳನ್ನೂ ಸೇರಿಸಿ ಮಾಡಿಕೊಟ್ಟರು. ಸೈಕಲ್ಲಿನ ಗಾಲಿ, ಔಷಧ ಹೊಡೆಯುವ ಹಿತ್ತಾಳೆಯ ಪಂಪು, ಎತ್ತಿನ ಕೊರಳಿನ ಗಂಟೆ, ಯಾವುದನ್ನೂ ಅವರು ಬಿಡಲಿಲ್ಲ. ಎಲ್ಲರೂ ಅದನ್ನು ಝೂಮರ ಎನ್ನುತ್ತಿದ್ದರು. ನೋಡಲು ದೂರದಿಂದ ಜನ ಬರುತ್ತಿದ್ದರು.

ಆದರೆ ಆರ್ಡರು ಹಿಡಿಯುವ ಮೊದಲು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಕೆಳಗ ಯಾರು ಕುಂದರತಾರ?" ಉತ್ತರ ಕೇಳಿ ತೃಪ್ತರಾಗುತ್ತಿರಲಿಲ್ಲ. ಆ ಜಾಗಕ್ಕೆ ಹೋಗಿ ಅರ್ಧ ದಿನ ನೆಲದ ಮೇಲೆ ಕುಳಿತಿರುತ್ತಿದ್ದರು. ಅಲ್ಲಿ ಕುಳಿತು ದುಡಿಯುವವರು ಕೈಯಲ್ಲಿ ಹಿಡಿಯುವ ವಸ್ತುವೇ ಅವರ ತಲೆಯ ಮೇಲೆ ಬೆಳಗಬೇಕು ಎಂಬುದು ಅವರ ನಿಯಮ. ಹಾವೇರಿಯ ಕಲ್ಯಾಣಮಂಟಪದ ಮಾಲೀಕರೊಬ್ಬರು ಬಂದಾಗ ನಾನು ಅಂಗಡಿಯಲ್ಲೇ ಇದ್ದೆ.

"ಚಾಚಾ, ನಮಗ ಅರಮನ್ಯಾಗಿನ ಝೂಮರ ಇರತೈತಲ್ಲ, ಹಂತಾದ್ದ ಬೇಕ್ರಿ."

"ಮಾಡೂಣು. ಅರಮನಿ ಎಲ್ಲೈತ್ರಿ?"

"ನಮ್ಮ ಮಂಟಪಾನ ಅರಮನಿ ಅನ್ಕೋರಿ."

"ಹಂಗಾದ್ರ ರಾಜಾ ಯಾರು?"

"ನಾನ ಅನ್ಕೋರಿ."

"ಗಂಟಿಗೊಮ್ಮೆ ಬಾಡಿಗಿ ಕೇಳೋ ರಾಜಾನ್ನ ಇವತ್ತ ನೋಡಿದೆ ನೋಡ್ರಿ," ಎಂದರು ಚಾಚಾ. ಮಾಲೀಕರಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಅಲ್ಲಿ ತೂಗಿದ್ದು ಅಡುಗೆಯವರ ಸವೆದ ಹುಟ್ಟುಗಳು, ಸೌಟುಗಳು, ತೂತುಬಿದ್ದ ತಾಮ್ರದ ಚರಿಗೆಗಳು. ಊಟದ ಪಂಕ್ತಿಯ ಮೇಲೆ ಅವು ಹೊಂಬಣ್ಣದಲ್ಲಿ ಬೆಳಗಿದಾಗ, ಬಡಿಸುತ್ತಿದ್ದ ವಯಸ್ಸಾದ ಅಡುಗೆಯವರೊಬ್ಬರು ತಲೆಯೆತ್ತಿ ತಮ್ಮ ಸೌಟನ್ನು ಗುರುತಿಸಿದ್ದನ್ನು ನಾನು ಕಂಡಿದ್ದೇನೆ.

ಕೆಲಸ ಮುಗಿದ ಮೇಲೆ ಅವರದೇ ಒಂದು ಪರೀಕ್ಷೆ. ದೀಪ ಹಚ್ಚಿ, ಕೆಳಗೆ ನಿಂತು, ಅಂಗೈಯನ್ನು ಮೇಲೆ ಮಾಡಿ ಹಿಡಿಯುತ್ತಿದ್ದರು. ತಗಡು ಕೊಯ್ದ ಗೆರೆಗಳೂ ಬೆಸುಗೆಯ ಸುಟ್ಟ ಕಲೆಗಳೂ ತುಂಬಿದ ಅಂಗೈ. ಅದು ತಮ್ಮ ಅಂಗೈಯಂತೆಯೇ ಕಂಡರೆ ದೀಪ ತೇರ್ಗಡೆಯಾದಂತೆ. ಒಮ್ಮೆ ಒಂದು ಹೋಟೆಲಿಗೆ ಮಾಡಿದ್ದ ದೀಪದ ಕೆಳಗೆ ಅಂಗೈ ನಸುಹಸಿರಾಗಿ ಕಂಡಿತೆಂದು ಇಡೀ ದೀಪವನ್ನೇ ಬಿಚ್ಚಿದರು. "ಇದರ ಕೆಳಗ ಕುಂತು ಯಾರರ ಇಡ್ಲಿ ತಿಂತಾರೇನ್ರಿ?" ಎಂಬುದು ಅವರು ಕೊಟ್ಟ ಏಕೈಕ ಸಮಜಾಯಿಷಿ.

ಈಗ ಬ್ಯಾಡಗಿಯ ವಿಷಯಕ್ಕೆ ಬರಬೇಕು.

ನಮ್ಮದು ಹಾವೇರಿಯ ಕೆಲವು ಹೆಂಗಸರು ಸೇರಿ ಕಟ್ಟಿಕೊಂಡ ಸಣ್ಣ ಬಳಗ. ಬ್ಯಾಡಗಿಯ ಗೋದಾಮುಗಳಲ್ಲಿ ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು, ಅಲ್ಲಿಯವರ ಮಾತಿನಲ್ಲಿ ತುಂಬು, ಬಿಡಿಸುವ ಹೆಂಗಸರನ್ನು ನೀವು ನೋಡಿರಬಹುದು. ತುಂಬು ಬಿಡಿಸುತ್ತಲೇ ಅವರು ಕೆಂಪು ಕಾಯಿಯನ್ನೂ ಬಣ್ಣ ಸತ್ತ ಬಿಳಚು ಕಾಯಿಯನ್ನೂ ಬೇರೆ ಮಾಡುತ್ತಾರೆ. ಅವರ ಎಳೆಗೂಸುಗಳು ಪಕ್ಕದಲ್ಲೇ, ಅದೇ ಘಾಟಿನಲ್ಲಿ, ಚೀಲಗಳ ಮೇಲೆ ಮಲಗಿ ಕೆಮ್ಮುತ್ತಿದ್ದವು. ಕೂಸುಗಳಿಗಾಗಿ ಗೋದಾಮಿನ ಪಕ್ಕದಲ್ಲಿ ಒಂದು ಬೇರೆ ಕೋಣೆ ಬೇಕೆಂದು ನಾವು ಮಾಲೀಕರ ಬಾಗಿಲುಗಳನ್ನು ತಟ್ಟುತ್ತಾ ಹೋದೆವು. ಒಬ್ಬ ಸಾವುಕಾರರು ಒಪ್ಪಿದರು. ಒಂದು ಷರತ್ತಿನ ಮೇಲೆ.

"ರಾಣೆಬೆನ್ನೂರಿನ ಚಾಚಾ ನಿಮ್ಮ ಮಾತು ಕೇಳತಾರಂತಲ್ರಿ ಅಕ್ಕಾರ. ಹೊರಗಿನ ವ್ಯಾಪಾರಸ್ಥರು ಬಂದು ಮಾಲು ನೋಡೋ ಪಡಸಾಲಿಗೆ ನನಗೊಂದು ಝೂಮರ ಮಾಡಸಿಕೊಡ್ರಿ. ಅದು ತೂಗಿದ ದಿನದಿಂದನ ಕೋಣಿ ನಿಮ್ಮದು."

ಚಾಚಾ ಬಂದು, ಪಡಸಾಲೆ ಅಂದು ಖಾಲಿಯಿದ್ದುದರಿಂದ, ಗೋದಾಮಿನಲ್ಲಿ ಹೆಂಗಸರ ನಡುವೆ ಕುಳಿತರು. ಏನನ್ನು ತೂಗಿಬಿಡಬೇಕೆಂದು ಅವರಿಗೆ ಕೂಡಲೇ ಹೊಳೆಯಿತು. ಕಾಯಿಯ ರಾಶಿಯಲ್ಲಿ ಸದಾ ಸದ್ದು ಮಾಡುತ್ತಿದ್ದ ಬಳೆಗಳು. ಹಬ್ಬಕ್ಕೆ ಹೊಸ ಬಳೆ ಇಟ್ಟುಕೊಂಡಾಗ ತೆಗೆದಿರಿಸಿದ ಹಳೆಯ ಗಾಜಿನ ಬಳೆಗಳನ್ನು ಹೆಂಗಸರು ಪೊಟ್ಟಣ ಕಟ್ಟಿ ತಂದುಕೊಟ್ಟರು. ಅವರಲ್ಲಿ ಹಿರಿಯಳಾದ ಗಂಗವ್ವ ಎಲ್ಲರಿಗಿಂತ ಹೆಚ್ಚು ತಂದಿದ್ದಳು.

"ತಲಿ ಮ್ಯಾಲೆ ನಮ್ಮ ಬಳಿ ತೂಗಾಡತಾವಂತ! ಸಾವುಕಾರ್ರ ನಮ್ಮನ್ನ ತಲಿ ಮ್ಯಾಲೆ ಹೊತ್ತಂಗಾತು ಬಿಡ್ರಿ," ಎಂದು ಆಕೆ ಅಂದಾಗ ಗೋದಾಮೆಲ್ಲ ನಕ್ಕಿತ್ತು.

ಬಣ್ಣಬಣ್ಣದ ಬಳೆಗಳನ್ನು ಬಿಡಿಬಿಡಿಯಾಗಿ ಕೋದು, ನಡುವೆ ಬೆಳಕು ನೇರವಾಗಿ ಇಳಿಯುವಂತೆ ಚಾಚಾ ಮೊದಲ ನಮೂನೆ ಮಾಡಿದರು. ಸಾವುಕಾರರು ಒಪ್ಪಲಿಲ್ಲ. "ಬ್ಯಾಡಗಿ ಅಂದ್ರ ಕೆಂಪು. ಬರೇ ಕೆಂಪು ಬಳಿ, ಒತ್ತಾಗಿ ಹಾಕ್ರಿ." ಚಾಚಾ ಹಾಗೆಯೂ ಮಾಡಿ ನೋಡಿದರು. ಮೂರು ಸುತ್ತು ಕೆಂಪು ಬಳೆ, ಒಂದಕ್ಕೊಂದು ತಾಗುವಂತೆ. ನನ್ನನ್ನು ಅಂಗಡಿಗೆ ಕರೆಸಿ, ದೀಪ ಹಚ್ಚಿ, ಅಂಗೈ ಹಿಡಿದರು.

"ನೋಡ್ರಿ ಅಕ್ಕಾರ. ಇದು ತಗಡು ಬಡಿಯೋನ ಕೈ ಏನು? ಮೆಹಂದಿ ಹಚ್ಚಿದ ಮದಲಗಿತ್ತಿ ಕೈ ಆಗೇತಿ." ಹಾಗೆಂದು ಅವರು ನಗಲಿಲ್ಲ. ಬಿಳಚಿದ ಒಂದು ಮೆಣಸಿನಕಾಯಿಯನ್ನು ಅಂಗೈ ಮೇಲಿಟ್ಟರು. ಅದು ಮಾಣಿಕ್ಯದಂತೆ ಹೊಳೆಯಿತು. "ಈ ದೀಪಾ ಸುಳ್ಳ ಹೇಳಾಕತ್ತೈತಿ. ನಾ ಇದನ್ನ ಕೊಡೂದಿಲ್ಲ."

ಕೊಡದಿದ್ದರೆ ಕೂಸುಗಳ ಕೋಣೆ ಇಲ್ಲ. ನಾನು ವಾದಕ್ಕೆ ನಿಂತೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಎಂದೂ ವಾದಿಸಿರಲಾರೆ. ಅಲಂಕಾರದ ದೀಪವು ಸಾಕ್ಷಿ ಹೇಳಲು ಕಟಕಟೆಗೆ ಬಂದ ಮನುಷ್ಯನಲ್ಲ ಎಂದೆ. ಕೊಳ್ಳುವ ವ್ಯಾಪಾರಸ್ಥರು ಮೂರ್ಖರಲ್ಲ, ಕಾಯಿಯನ್ನು ಅಂಗಳಕ್ಕೆ ಒಯ್ದು ಬಿಸಿಲಿನಲ್ಲಿ ನೋಡಿಯೇ ದರ ಹೇಳುತ್ತಾರೆ, ಆದ್ದರಿಂದ ಯಾರಿಗೂ ಮೋಸವಿಲ್ಲ ಎಂದೆ. ಒಂದು ಕಡೆ ದೀಪದ ಬಣ್ಣ, ಇನ್ನೊಂದು ಕಡೆ ಕೂಸುಗಳ ಉಸಿರು, ಯಾವುದು ದೊಡ್ಡದು ನೀವೇ ಹೇಳಿ ಎಂದೆ. ಅವರು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ಎಲ್ಲವನ್ನೂ ಕೇಳಿದರು.

"ನೀವು ಮೂರು ಮಾತು ಹೇಳಿದ್ರಿ. ನನ್ನ ಹತ್ರ ಇರೋದು ಒಂದ. ಕೆಳಗ ಯಾರು ಕುಂದರತಾರ?"

"ಹೊರಗಿನ ವ್ಯಾಪಾರಸ್ಥರು, ಚಾಚಾ. ಬೇರೆ ಯಾರೂ ಕೂಡುವುದಿಲ್ಲ," ಎಂದೆ.

"ಖರೇ?"

"ಖರೇ."

ನಾನು ಹೋಗಿ ವಿಚಾರಿಸಿರಲಿಲ್ಲ. ಅರ್ಧ ದಿನ ಅಲ್ಲಿ ಕುಳಿತು ನೋಡಿರಲಿಲ್ಲ. ಗೆಲ್ಲುವ ಭರದಲ್ಲಿ ಉತ್ತರ ನಾಲಿಗೆಗೆ ಬಂತು, ಹೇಳಿಬಿಟ್ಟೆ. ಅವರು ಬೆಸುಗೆಯ ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಂಡು, "ಮಾತಿನ್ಯಾಗ ನೀವು ಗೆದ್ರಿ ಅಕ್ಕಾರ," ಎಂದರು. ಅದನ್ನು ನಾನು ಅಂದು ಹೊಗಳಿಕೆಯೆಂದು ತಿಳಿದೆ.

ಝೂಮರ ತೂಗಿತು. ಕೋಣೆ ಸಿಕ್ಕಿತು. ತೊಟ್ಟಿಲುಗಳು ಬಂದವು. ನಮ್ಮ ಬಳಗ ಸಿಹಿ ಹಂಚಿತು.

ಸುಗ್ಗಿ ಬಂದಾಗ ಗೋದಾಮು ಮಾಡಿನವರೆಗೂ ಚೀಲಗಳಿಂದ ತುಂಬಿಹೋಯಿತು. ಕೂರಲು ಜಾಗವಿಲ್ಲದೆ ಹೆಂಗಸರನ್ನು ಪಡಸಾಲೆಗೆ ತಂದು ಕೂರಿಸಿದರು. ಹಿರಿಯಳೆಂಬ ಗೌರವದಿಂದ ಗಂಗವ್ವನಿಗೆ ಝೂಮರದ ನೇರ ಕೆಳಗಿನ ಜಾಗ ಕೊಟ್ಟರು. ಆಕೆಗೂ ಅದು ಹೆಮ್ಮೆಯೇ. ಮೇಲೆ ತನ್ನದೇ ಬಳೆಗಳು. ಧೂಳು ಹಾರದಿರಲೆಂದು ಕಿಟಕಿಗಳನ್ನು ಮುಚ್ಚಿದ್ದರು. ಆ ಬೆಳಕಿನಲ್ಲಿ ಕೆಂಪು ಕಾಯಿಯೂ ಕೆಂಪು, ಬಿಳಚು ಕಾಯಿಯೂ ಕೆಂಪು. ಗಂಗವ್ವ ತನ್ನ ಕಣ್ಣು ಕಂಡದ್ದನ್ನೇ ನಂಬಿ ಚೀಲ ತುಂಬಿದಳು.

ಆ ಗೋದಾಮಿನಲ್ಲಿ ಒಂದು ರೂಢಿಯಿದೆ. ಯಾರು ಹಸನು ಮಾಡಿದ ಚೀಲವೋ ಅವರು ತಮ್ಮ ಹಳೆಯ ಸೀರೆಯ ಅಂಚಿನಿಂದ ಅದರ ಬಾಯಿ ಕಟ್ಟುತ್ತಾರೆ. ಓದುಬರಹ ಬಾರದವರಿಗೆ ಅದೇ ರುಜು. ಹೊರಗಿನ ವ್ಯಾಪಾರಸ್ಥರೊಬ್ಬರು ಅಂಗಳದ ಬಿಸಿಲಿನಲ್ಲಿ ಚೀಲಗಳನ್ನು ಬಿಚ್ಚಿಸಿದಾಗ ಬಿಳಚು ಕಾಯಿ ಸುರಿಯಿತು. ಎಲ್ಲರ ಚೀಲದಲ್ಲೂ ಸ್ವಲ್ಪಸ್ವಲ್ಪ ಇತ್ತು. ಆದರೆ ಹಸಿರು ಅಂಚಿನ ಗಂಟಿದ್ದ ಚೀಲಗಳಲ್ಲಿ ತುಂಬ. ಹಸಿರು ಅಂಚು ಗಂಗವ್ವನದು. ಕೆಲಸ ಲಗೂ ಮುಗಿಸುವ ಆಸೆಗೆ ಬೇಕೆಂತಲೇ ಕೂಡಿಸಿದ್ದಾಳೆ ಎಂದು ಸಾವುಕಾರರು ಎಲ್ಲರೆದುರಿಗೆ ಅಂದರು. ನಾಳೆಯಿಂದ ಬರಬೇಡ ಎಂದರು. ಸಂಜೆಯಾಗುವ ಮೊದಲೇ ಆ ಮಾತು ಎಲ್ಲ ಗೋದಾಮುಗಳನ್ನೂ ಮುಟ್ಟಿತ್ತು. ಮರುದಿನದಿಂದ ಆಕೆ ಹೋದಲ್ಲೆಲ್ಲ ಒಂದೇ ಉತ್ತರ: "ನಿನ್ನ ಕೈ ಸ್ವಚ್ಛ ಇಲ್ಲವ್ವ, ಬ್ಯಾಡ."

ನನ್ನಿಂದ ಸುದ್ದಿ ತಿಳಿದ ಚಾಚಾ ರಾಣೆಬೆನ್ನೂರಿನಿಂದ ಮೊದಲ ಬಸ್ಸಿಗೇ ಬಂದರು. ನೇರ ಪಡಸಾಲೆಗೆ ಹೋಗಿ, ಝೂಮರದ ಕೆಳಗಿನ ರಾಶಿಯಿಂದ ಕೆಂಪೆಂದು ಕಂಡ ಕಾಯಿಗಳನ್ನೇ ಒಂದು ಹಿಡಿ ಆರಿಸಿ ತೆಗೆದು, ಸಾವುಕಾರರನ್ನು ಅಂಗಳಕ್ಕೆ ಕರೆದು, ಬಿಸಿಲಿನಲ್ಲಿ ಅಂಗೈ ಬಿಚ್ಚಿದರು. ಹಿಡಿಯಲ್ಲಿ ಅರ್ಧ ಬಿಳಚು.

"ಇದನ್ನ ನಾನ ಈಗ ಆರಿಸಿ ತಂದದ್ದು. ನನ್ನ ಕೈನೂ ಸ್ವಚ್ಛ ಇಲ್ಲೇನ್ರಿ?"

"ಚಾಚಾ, ನಿಮ್ಮ ಝೂಮರ ಭಾಳ ಛಂದ ಐತಿ. ಆ ಮುದಿಕಿ ಕಣ್ಣು ಕೆಟ್ಟಾವ."

"ಆಕಿ ಕಣ್ಣು ಕೆಟ್ಟಿಲ್ಲ. ನನ್ನ ದೀಪಾ ಕೆಟ್ಟೈತಿ. ಏಣಿ ಕೊಡ್ರಿ, ಇಳಸ್ತೇನಿ. ಆಮ್ಯಾಲೆ ತಪ್ಪು ದೀಪದ್ದು ಅಂತ ನಾಕು ಮಂದಿ ಮುಂದ ಹೇಳ್ರಿ. ಅಷ್ಟ ಸಾಕು."

ಸಾವುಕಾರರು ನನ್ನ ಕಡೆಗೆ ತಿರುಗಿದರು. "ಝೂಮರ ಇಳದ್ರ ಕೂಸಿನ ಕೋಣಿಗೂ ಕೀಲಿ ಬೀಳತೈತಿ. ಏನಂತೀರಿ ಅಕ್ಕಾರ?"

ಚಾಚಾ ಕೂಡ ನನ್ನನ್ನು ನೋಡಿದರು. ಒಳಗೆ ಒಂದು ಕೂಸು ಅಳುತ್ತಿತ್ತು, ಯಾರೋ ತೊಟ್ಟಿಲು ತೂಗುತ್ತಿದ್ದರು. ಯಾವ ವಿಷಯದ ಮೇಲೂ ಎರಡೂ ಪಕ್ಷದಿಂದ ಮಾತನಾಡಬಲ್ಲೆನೆಂದು ಹೆಸರು ಪಡೆದಿದ್ದ ನಾನು ಅಂದು ಯಾವ ಪಕ್ಷದಿಂದಲೂ ಬಾಯಿ ತೆರೆಯಲಿಲ್ಲ. ಏಣಿ ಬರಲಿಲ್ಲ.

ಅಲ್ಲಿಂದ ಅವರು ಗಂಗವ್ವನ ಮನೆಗೆ ನಡೆದರು. ನಾನು ಹಿಂದೆ ಹೋದೆ. ಹೊಸಿಲ ಹೊರಗೆ ನಿಂತು, "ತಂಗಿ, ನಿನ್ನ ಕಣ್ಣಿಗೆ ಅರಿವಿ ಕಟ್ಟಿದಾಂವ ನಾನು. ಮಾಫ್ ಮಾಡು," ಎಂದರು. ಗಂಗವ್ವ ಒಳಗಿನಿಂದ ನೀರು ತಂದುಕೊಟ್ಟಳು.

"ನೀವು ಕಟ್ಟಿಲ್ಲ ಬಿಡ್ರಿ ಚಾಚಾ. ನೀವು ಬರೇ ಬಳಿ ಪೋಣಿಸಿದ್ರಿ. ಮಾತು ಪೋಣಿಸಿದವರು ಬ್ಯಾರೆ ಅದಾರ," ಎಂದು ನನ್ನ ಕೈಗೂ ಒಂದು ಲೋಟ ಕೊಟ್ಟಳು. ನಾನು ನೀರು ಕುಡಿದು ಲೋಟವನ್ನು ಆಕೆಯ ಕೈಗೆ ಮರಳಿಸಿದೆ.

ಬಸ್ ನಿಲ್ದಾಣದಲ್ಲಿ ಚಾಚಾ ನನ್ನಿಂದ ಒಂದೇ ಒಂದು ವಿಷಯ ಕೇಳಿದರು. "ನನ್ನ ಮಾತು ಅಂಗಡಿ ಹೊಸ್ತಲಾ ದಾಟೂದಿಲ್ಲ. ನೀವು ಬರದ್ರ ನಾಕು ಮಂದಿ ಓದತಾರ. ತಪ್ಪು ಬೆಳಕಿಂದು, ಹೆಣಮಗಳದಲ್ಲ ಅಂತ ಪೇಪರಿನ್ಯಾಗ ಒಂದು ಸಾಲು ಬರೀರಿ." ಬರೆಯುತ್ತೇನೆ ಎಂದೆ. ಕೋಣೆ ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಬರೆದರಾಯಿತು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಅಂದಿನಿಂದ ಅವರು ತೂಗುದೀಪ ಮಾಡಲಿಲ್ಲ. ಯಾರು ಬಂದು ಕೇಳಿದರೂ, "ಜರಡಿ ಬೇಕಾದ್ರ ಹೇಳ್ರಿ. ಜರಡಿ ಸುಳ್ಳ ಹೇಳೂದಿಲ್ಲ," ಎನ್ನುತ್ತಿದ್ದರು. ರಾಣೆಬೆನ್ನೂರಿಗೆ ಹೋದಾಗಲೆಲ್ಲ ನಾನು ಅಂಗಡಿಗೆ ಹೋಗುತ್ತಿದ್ದೆ. ಚಹಾ ತರಿಸುತ್ತಿದ್ದರು, ಕರ್ಜಗಿಯಲ್ಲಿರುವ ನನ್ನ ತಾಯಿಯ ಮೊಣಕಾಲುನೋವನ್ನು ವಿಚಾರಿಸುತ್ತಿದ್ದರು. ಎದ್ದು ಹೊರಡುವಾಗ, ಅದೂ ಮೆಲ್ಲಗೆ, "ಬರದ್ರ್ಯಾ ಅಕ್ಕಾರ?" ಎನ್ನುತ್ತಿದ್ದರು. ಮೊದಮೊದಲು ಕಾರಣಗಳನ್ನು ಹೇಳಿದೆ. ಬಳಗದವರು ಒಪ್ಪುತ್ತಿಲ್ಲ ಎಂದೆ, ಸಮಯ ನೋಡಬೇಕು ಎಂದೆ. ಆಮೇಲೆ ಆ ರಸ್ತೆಯನ್ನೇ ಬಿಟ್ಟು ಬೇರೆ ದಾರಿಯಲ್ಲಿ ಓಡಾಡಿದೆ. ಅನ್ಯಾಯದ ವಿರುದ್ಧ ಜಿಲ್ಲೆಯ ಉದ್ದಗಲಕ್ಕೂ ಭಾಷಣ ಮಾಡುತ್ತಿದ್ದಾಗಲೇ ನಾನು ಆ ಒಂದು ಅಂಗಡಿಯನ್ನು ತಪ್ಪಿಸಿಕೊಂಡು ತಿರುಗುತ್ತಿದ್ದೆ.

ಅವರು ಹೋದ ಮೇಲೆ ಚಾಚಿಯನ್ನು ಕಾಣಲು ಹೋದೆ. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಚಾಚಿ ಅದಕ್ಕೆ ಅವಕಾಶ ಕೊಡಲಿಲ್ಲ.

"ನಿಮ್ಮ ಮ್ಯಾಲೆ ಅವರಿಗೆ ಸಿಟ್ಟಿದ್ದಿಲ್ರಿ. ಅಕ್ಕಾರಿಗೆ ಕೂಸುಗಳ ಚಿಂತಿ ಐತಿ, ಅವರೂ ಪಾಪ ಅಂತಿದ್ರು. ಆ ಹೆಣಮಗಳ ಚಿಂತಿ ಮಾತ್ರ ಬಿಟ್ಟಿದ್ದಿಲ್ಲ. ಕಡೀ ದಿನದಾಗೂ ಕೇಳಿದ್ರು: ಆಕಿಗೆ ಯಾರರ ಕೆಲಸಾ ಕೊಟ್ರೇನು?"

"ನೀವೇನಂದ್ರಿ?"

"ಕೊಟ್ಟಾರ ಅಂದೆ. ಸುಳ್ಳ ಹೇಳಿದೆ. ಸಾಯೋ ಮನಶ್ಯಾಗ ಇನ್ನೇನ ಹೇಳಲ್ರಿ?"

ಮರುದಿನ ಬ್ಯಾಡಗಿಗೆ ಹೋದೆ. ಝೂಮರ ಇನ್ನೂ ಉರಿಯುತ್ತಿದೆ, ಅದರ ಕೆಳಗೆ ಬೇರೆ ಹೆಂಗಸರು ಕುಳಿತಿದ್ದಾರೆ. ಪಕ್ಕದ ಕೋಣೆಯಲ್ಲಿ ಕೂಸುಗಳು ಘಾಟಿಲ್ಲದ ಗಾಳಿಯಲ್ಲಿ ನಿದ್ದೆಹೋಗಿದ್ದವು. ಆ ಕೋಣೆ ಬೇಡವಾಗಿತ್ತೆಂದು ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ. ಆದರೆ ಅದನ್ನು ಉಳಿಸಿಕೊಳ್ಳಲು ಒಬ್ಬ ನಿರಪರಾಧಿಯ ಮರ್ಯಾದೆಯನ್ನು ತೆತ್ತೆವು. ತೆತ್ತದ್ದು ನಮ್ಮ ಗಂಟಿನಿಂದಲ್ಲ, ಅವಳ ಗಂಟಿನಿಂದ. ಈ ಬರಹ ಅಚ್ಚಾದ ಮೇಲೆ ಕೋಣೆಗೆ ಬೀಗ ಬೀಳಬಹುದು. ಬಿದ್ದರೆ ಬೇರೆ ಕೋಣೆಗಾಗಿ ನಾನು ಮತ್ತೆ ಬಾಗಿಲು ತಟ್ಟುತ್ತೇನೆ. ಅದು ನನಗೆ ಬರುವ ಕೆಲಸ. ಹೆದರಿ ಸುಮ್ಮನಿರುವ ಹಕ್ಕು ನನಗೆ ಉಳಿದಿಲ್ಲ.

ಗಂಗವ್ವ ಈಗ ಅವರಿವರ ಹೊಲದಲ್ಲಿ ಕಳೆ ತೆಗೆಯುತ್ತಾಳೆ. ಕೂಲಿ ಇಲ್ಲದ ದಿನಗಳಲ್ಲಿ ಇಂದಿಗೂ ಗೋದಾಮುಗಳ ಬಾಗಿಲಿಗೆ ಹೋಗಿ ಕೇಳುತ್ತಾಳೆ, ಹಿಂತಿರುಗುತ್ತಾಳೆ. ಆದ್ದರಿಂದ ಎಷ್ಟೋ ಹಿಂದೆ ಬರೆಯಬೇಕಾಗಿದ್ದ ಸಾಲನ್ನು ಇಲ್ಲಿ ಬರೆಯುತ್ತೇನೆ: ಆ ಚೀಲಗಳಲ್ಲಿ ಬಿಳಚು ಕಾಯಿ ಸೇರಿದ್ದು ಕೆಂಪು ದೀಪದಿಂದ. ದೀಪ ಅಲ್ಲಿ ತೂಗಿದ್ದು ನನ್ನ ವಾದದಿಂದ. ಗಂಗವ್ವ ಯಾರಿಗೂ ಮೋಸ ಮಾಡಿಲ್ಲ.

ಓದುಗರೇ, ಬ್ಯಾಡಗಿಯಲ್ಲಿ ನಿಮ್ಮದೊಂದು ಗೋದಾಮಿದ್ದರೆ, ಅಥವಾ ಗೋದಾಮಿನವರು ಯಾರಾದರೂ ನಿಮಗೆ ಪರಿಚಯವಿದ್ದರೆ, ಈ ಪುಟವನ್ನು ಅಲ್ಲಿ ಗಟ್ಟಿಯಾಗಿ ಓದಿ ಹೇಳಿ. ಹಸಿರು ಅಂಚಿನ ಸೀರೆಯ ಆ ಮುದುಕಿ ಈ ಸುಗ್ಗಿಯಲ್ಲಿ ಕೆಲಸ ಕೇಳಿಕೊಂಡು ಬಂದರೆ ತಿರುಗಿ ಕಳಿಸಬೇಡಿ. ಕಿಟಕಿ ತೆರೆದು, ಬಿಸಿಲು ಬೀಳುವ ಕಡೆ ಆಕೆಗೊಂದು ಜಾಗ ಕೊಡಿ.